ಸತ್ತ ಮೇಲೆ ನಾರ್ಮನ್ ಆದವನು

ಮುದುಕನ ತಲೆ ಕೆಟ್ಟಿದೆ, ಒಂದಕ್ಕೆ ಎರಡು ಸೇರಿಸುತ್ತಾನೆ ಎನ್ನುವವರು ಈಗಲೇ ಎದ್ದು ಹೋಗಿ. ನಿನ್ನೆ ಏನು ತಿಂದೆ ಅನ್ನುವುದು ಮರೆತಿದೆ, ನಿಜ. ಎಡಿವಾಳ ಮಗನ ಹೆಣ ಮರೆತಿಲ್ಲ. ನಡುವೆ ಬಾಯಿ ಹಾಕಬೇಡಿ.

ನಾರ್ಮನ್ನರ ರಾಜ ಸಮುದ್ರ ದಾಟಿ ಬಂದು ಇಂಗ್ಲೆಂಡನ್ನು ನುಂಗಿ ನಾಲ್ಕು ವರ್ಷವಾಗಿತ್ತು. ಗೆದ್ದದ್ದು ಕತ್ತಿಯಿಂದ. ಹಿಡಿದಿಟ್ಟುಕೊಂಡದ್ದು ಮಣ್ಣುಗುಡ್ಡಗಳಿಂದ. ನಮ್ಮೂರಲ್ಲಿ ಹನ್ನೊಂದು ಮನೆ ಕೆಡವಿಸಿ, ಆ ಮನೆಯವರಿಂದಲೇ ಬುಟ್ಟಿಯಲ್ಲಿ ಮಣ್ಣು ಹೊರಿಸಿ ಗುಡ್ಡ ಎಬ್ಬಿಸಿದರು. ಮೇಲೆ ಮರದ ಕೋಟೆ. ವಿಧವೆ ಎಡಿವಾ ತನ್ನ ಒಲೆಯಿದ್ದ ಜಾಗದ ಮೇಲೆ ತಾನೇ ಮಣ್ಣು ಸುರಿದಳು. ಆಮೇಲೆ ಮೈದುನ ಗ್ರಿಮ್‌ನ ಕೊಟ್ಟಿಗೆಯಲ್ಲಿ ಮಲಗಿದಳು.

ಮಗ ವುಲ್ಸಿಗೆ ಕೋಟೆಯ ಕುದುರೆ ಲಾಯದಲ್ಲಿ ಬಿಟ್ಟಿ ಚಾಕರಿ. ನಮ್ಮ ಗಂಡಸರಿಗೆ ಉದ್ದ ಕೂದಲು, ಮೀಸೆ. ನಾರ್ಮನ್ನರಿಗೆ ಮೀಸೆಯಿಲ್ಲ, ಹಿಂದಲೆ ಬೋಳು. ಹಾಗೆ ಬೋಳಿಸಿಕೊಂಡ ಆಳಿಗೆ ಒಂದು ರೊಟ್ಟಿ ಹೆಚ್ಚು. ವುಲ್ಸಿ ಬೋಳಿಸಿಕೊಂಡ. ರೊಟ್ಟಿಯನ್ನು ಅವ್ವನಿಗೆ ತಂದ.

ಊರ ಸಭೆಯಲ್ಲಿ ಗ್ರಿಮ್ ಎದ್ದು ನಿಂತ.

"ಈ ಬೋಳ್ ಮಂಡೆಯೋನು ನಮ್ಮೋನಲ್ಲ."

"ಬೋಳ್ ಮಂಡೆ ತಂದ ರೊಟ್ಟೀಲಿ ಅರ್ಧ ನೀನೇ ತಿಂದ್ಯಲ್ಲ, ಚಿಕ್ಕಪ್ಪ," ಎಂದ ವುಲ್ಸಿ.

ಜನ ನಕ್ಕರು. ಅವಮಾನಕ್ಕೆ ಗ್ರಿಮ್ ಶಿಲುಬೆ ಮುಟ್ಟಿ ಅದೇ ಮಾತನ್ನು ಪ್ರಮಾಣ ಮಾಡಿಬಿಟ್ಟ. ಸಭೆಯಲ್ಲಿ ಶಿಲುಬೆ ಮುಟ್ಟಿ ಆಡಿದ್ದನ್ನು ನಮ್ಮಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಮೂರು ವಾರಕ್ಕೆ, ಕೋಟೆ ಬೇಲಿಗೆ ನಿಲ್ಲಿಸುತ್ತಿದ್ದ ದಿಮ್ಮಿ ಜಾರಿ ವುಲ್ಸಿಯ ಎದೆ ಮೇಲೆ ಬಿತ್ತು. ಮಣ್ಣು ಹೊರುತ್ತಿದ್ದವರೆಲ್ಲ ನೋಡಿದರು. ಹೆಣವನ್ನು ಕೋಟೆಯವರೇ ಇಟ್ಟುಕೊಂಡರು. ಮಾರನೆಯ ದಿನ ನೋಡಿದರೆ ಅದು ನಮ್ಮ ಹೊಲದ ಕಾಲುವೆಯಲ್ಲಿತ್ತು.

ರಾಜನ ಕಾಯಿದೆ ಹೀಗೆ: ಊರ ಎಲ್ಲೆಯಲ್ಲಿ ನಾರ್ಮನ್ ಹೆಣ ಸಿಕ್ಕಿ, ಕೊಂದವನು ಸಿಗದಿದ್ದರೆ, ಇಡೀ ಊರು ದಂಡ ತೆರಬೇಕು. ಸತ್ತವನು ಇಂಗ್ಲಿಷಿನವನೆಂದು ನೆಂಟರು ಸಾಬೀತು ಮಾಡಿದರೆ ದಂಡವಿಲ್ಲ, ಹೆಣವೂ ಮನೆಗೆ. ನಮ್ಮೂರಿಗೆಲ್ಲ ಸೇರಿ ಇದ್ದದ್ದು ಒಂದು ನೇಗಿಲು, ಎಂಟು ಎತ್ತು. ಕೋಟೆಯ ಅಧಿಕಾರಿ ಫುಲ್ಕ್‌ನ ಕಣ್ಣು ಅವುಗಳ ಮೇಲಿತ್ತು.

"ಇವ್ನು ಯಾರು?" ಹೆಣ ತೋರಿಸಿ ಫುಲ್ಕ್‌ನ ದುಭಾಷಿ ಕೇಳಿದ. ಅವನು ಪಕ್ಕದೂರಿನವನೇ.

"ನನ್ ಮಗ," ಎಂದಳು ಎಡಿವಾ.

"ಹೆಂಗಸಿನ ಮಾತು ನಡೆಯಲ್ಲ ಅಂತಾರೆ ದಣಿ. ಅಪ್ಪನ ಕಡೆ ಗಂಡಸು ಯಾರವ್ರೆ?"

ಗ್ರಿಮ್ ಮುಂದೆ ಬಂದ. "ನಮ್ಮಣ್ಣನ ಮಗ. ದಿಮ್ಮಿ ಬಿದ್ದು ಸತ್ತ."

ಫುಲ್ಕ್ ಏನೋ ಅಂದ. ದುಭಾಷಿ ತಲೆ ಎತ್ತಲಿಲ್ಲ. "ದಿಮ್ಮಿ ವಿಷ್ಯ ಕೇಳಿಲ್ಲ. ತಲೆ ನೋಡು, ಬೋಳು. ನಮ್ಮೋನಲ್ಲ ಅಂತ ನೀನೇ ಶಿಲುಬೆ ಮುಟ್ಟಿದ್ದೆಯಂತೆ. ಆವತ್ತು ಸುಳ್ಳೋ, ಇವತ್ತೋ? ಸುಳ್ಳು ಪ್ರಮಾಣಕ್ಕೆ ಕೈ ಕಡೀತಾರೆ, ಯೋಚ್ನೆ ಮಾಡಣ್ಣ."

ಗ್ರಿಮ್ ಅತ್ತಿಗೆಯ ಮುಖ ನೋಡಿದ. ಬಲಗೈ ಚಾಚಿದ.

"ಆವತ್ತು ಸುಳ್ಳು. ತಗೊಳ್ಳಿ. ಹುಡುಗ ನಮ್ಮೋನು."

ಕೈ ಕಡಿದರು. ಆಮೇಲೆ, ಸುಳ್ಳು ಪ್ರಮಾಣ ಮಾಡಿದವನ ಸಾಕ್ಷಿ ಸಲ್ಲದು ಎಂದರು. ಎತ್ತುಗಳನ್ನು ಹೊಡೆದುಕೊಂಡು ಹೋದರು.

"ಹೆಣ ಆದ್ರೂ ಕೊಡಿ," ಎಂದಳು ಎಡಿವಾ.

"ನಾರ್ಮನ್ ಹೆಣ ನಿಂಗ್ಯಾಕಮ್ಮ," ಎಂದ ದುಭಾಷಿ.

ಬದುಕಿದ್ದಾಗ ವುಲ್ಸಿ ಕೋಟೆಯ ನಾಯಿಗಳ ಜೊತೆ ಉಂಡವನು. ಈಗ ನಾಲ್ವರು ಸೈನಿಕರು ಅವನನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದರು, ಕೋಟೆಯೊಳಗೆ ಹೂಳಿದರು.

ಬಿತ್ತನೆಗೆ ಗಂಡಸರು ನೊಗಕ್ಕೆ ತಾವೇ ಹೆಗಲು ಕೊಟ್ಟರು. ಮೊದಲ ದಿನ ಸಂಜೆ ಎಡಿವಾ ಚಾಕು ಮಸೆದು ಗ್ರಿಮ್‌ನನ್ನು ಕೂರಿಸಿಕೊಂಡಳು. ಮೀಸೆ ತೆಗೆದಳು, ಹಿಂದಲೆ ಬೋಳಿಸಿದಳು. ಅವನ ಹಿಂದೆ ಇನ್ನೊಬ್ಬ ಬಂದು ಕೂತ. ಆಮೇಲೆ ಇಡೀ ಊರು ಸಾಲಾಗಿ ಕೂತಿತು. ನಾನೂ ಕೂತೆ.

"ಇನ್ಮೇಲೆ ತಲೆ ನೋಡಿ ಹೇಳ್ಲಿ, ಯಾರು ನಾರ್ಮನ್ ಅಂತ," ಎಂದಳು ಅವಳು. ಅಷ್ಟೇ.

ಕೋಟೆಯ ಆ ಗೋರಿಗೆ ಹೆಸರಿಲ್ಲ. ಅಲ್ಲಿರುವವನು ವುಲ್ಸಿ, ಎಡಿವಾಳ ಮಗ, ಇಂಗ್ಲಿಷಿನವನು. ಅವತ್ತು ನಮ್ಮ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ನೀವು ಹೋಗುವ ಊರಲ್ಲಿ ಯಾರಾದರೂ ಕೇಳುವವರಿದ್ದರೆ ಹೇಳಿ. ಕೇಳದಿದ್ದರೂ ಹೇಳಿ.