ಪರದೆಯ ಮೇಲೊಂದು ಗುಡ್ಡ

ಯಂತ್ರದ ಮೆತ್ತನೆಯ ರಬ್ಬರಿನ ಮೂತಿ ಕಿವಿಗೆ ತಾಗಿದೊಡನೆ ಆರು ವರ್ಷದ ಹುಡುಗಿ ಉಸಿರು ಬಿಗಿಹಿಡಿದು ಕುಳಿತಳು. ಬಾಗಿಲ ಬಳಿ ನಿಂತ ಅಜ್ಜ ಅವಳಿಗಿಂತ ಬಿಗಿಯಾಗಿ ಹಿಡಿದಿದ್ದ.

ಮೂರು ತಿಂಗಳ ಹಿಂದೆ ಇದೇ ಯಂತ್ರದ ಪರದೆಯ ಮೇಲೆ ಅವಳ ಎರಡೂ ಕಿವಿಗಳ ಗೆರೆ ಚಪ್ಪಟೆಯಾಗಿ ಮಲಗಿತ್ತು. ಕಿವಿ ಪರೀಕ್ಷಿಸುವಾಕೆ ಅಂದು ತಾಳ್ಮೆಯಿಂದ ವಿವರಿಸಿದ್ದಳು: ಸೂಜಿಯಿಲ್ಲ, ಕತ್ತರಿಯಿಲ್ಲ, ಯಂತ್ರವು ಕಿವಿಯೊಳಗಿನ ಗಾಳಿಯನ್ನು ಹಿತವಾಗಿ ಒತ್ತಿ, ಸೆಳೆದು, ಕಿವಿತಮಟೆ ಅಲುಗುವುದೇ ಎಂದು ನೋಡುತ್ತದೆ. ಅಲುಗಿದರೆ ಗೆರೆ ಗುಡ್ಡವಾಗಿ ಏಳುತ್ತದೆ. ತಮಟೆಯ ಹಿಂದೆ ನೀರು ನಿಂತಿದ್ದರೆ ಏಳದು. ಬಹುಪಾಲು ಮಕ್ಕಳಲ್ಲಿ ಅದು ತಾನಾಗಿ ಇಂಗುತ್ತದೆ, ಕಾಯೋಣ. ಇಂಗದಿದ್ದರೆ ಶಸ್ತ್ರಚಿಕಿತ್ಸೆಯ ಮಾತು.

ಅವರದು ತಗಡಿನ ಡಬ್ಬಿ, ಬಕೆಟ್ಟುಗಳನ್ನು ಬಡಿಯುವ ಮನೆ. ಮೂರು ಸುತ್ತಿಗೆಗಳ ಸದ್ದಿನ ನಡುವೆ ಅಲ್ಲಿ ಉಪ್ಪು ಕೇಳುವುದಕ್ಕೂ ಕೂಗಬೇಕು. ಆ ಕೂಗಿಗೆಲ್ಲ ಓಗೊಡುತ್ತಿದ್ದ ಮಗುವಿಗೆ ಕಿವಿ ಮಂದವಾಗಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. ಮೆಲುದನಿಯ ಟೀಚರು ಅವಳನ್ನು ಹಿಂದಿನ ತರಗತಿಗೆ ಇಳಿಸುವ ಮಾತೆತ್ತಿದಾಗ ಅಜ್ಜ, "ನಮ್ಮ ವಂಶಕ್ಕೇ ಓದು ತಲೆಗೆ ಹತ್ತಲ್ಲ ಬಿಡಿ" ಎಂದು ನಕ್ಕು ಒಪ್ಪಿಬಂದಿದ್ದ. ಸೊಸೆ ಮಾತ್ರ ಒಪ್ಪದೆ ಮಗಳನ್ನು ಇಲ್ಲಿಗೆ ಕರೆತಂದಳು. ವರದಿ ನೋಡಿದ ಟೀಚರು ಹುಡುಗಿಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡರು. ಅಜ್ಜನ ಆ ನಗು ಮಾತ್ರ ಅಂದಿನಿಂದ ಅವನ ಗಂಟಲಲ್ಲೇ ಮುಳ್ಳಾಗಿ ಉಳಿದಿತ್ತು.

ಯಂತ್ರ ಸಣ್ಣಗೆ ಗುಂಯ್‌ಗುಟ್ಟಿತು. ಗೆರೆ ನೆಟ್ಟಗೆ ತೆವಳತೊಡಗಿದ್ದನ್ನು ಕಂಡು ಅಜ್ಜ ಕಣ್ಣು ಮುಚ್ಚಿಕೊಂಡ.

"ಮಾವ, ಕಣ್ಣು ಬಿಡಿ. ನೋಡಿ ಇಲ್ಲಿ" ಎಂದಳು ಸೊಸೆ.

ಪರದೆಯ ನಡುವೆ ಪುಟ್ಟ ಗುಡ್ಡವೊಂದು ಎದ್ದು ನಿಂತಿತ್ತು.

"ಇನ್ನೊಂದು ಕಿವಿ?" ಎಂದು ಅಜ್ಜ ಕೇಳಿದ ದನಿಗೆ ಹೊರಗೆ ಕುಳಿತವರೆಲ್ಲ ತಿರುಗಿದರು.

ಹುಡುಗಿ ಮುಖ ಕಿವುಚಿದಳು. "ಯಾಕಜ್ಜ ಕಿರುಚ್ತೀಯ? ಇಲ್ಲೇ ಇದೀನಲ್ಲ."

ಅಷ್ಟರಲ್ಲಿ ಎರಡನೆಯ ಕಿವಿಗೆ ಮೂತಿ ಇಟ್ಟಿದ್ದ ಪರೀಕ್ಷಿಸುವಾಕೆ ನಗು ತಡೆಯಲಾರದೆ, ಯಂತ್ರ ನಿಲ್ಲಿಸಿ ಮತ್ತೆ ಮೊದಲಿನಿಂದ ನೋಡಬೇಕಾಯಿತು. ಅಲ್ಲಿಯೂ ಗುಡ್ಡವೆದ್ದಿತು. ಅದು ತುಸು ಗಿಡ್ಡ, ಆದರೂ ಗುಡ್ಡವೇ.

ಅಂದು ಸಂಜೆ ಅಜ್ಜ ಬಡಿಯುವುದನ್ನು ನಿಲ್ಲಿಸಿ ಮೂರೂ ಸುತ್ತಿಗೆಗಳನ್ನು ಗೋಣಿಚೀಲದ ಮೇಲಿಡಿಸಿದ. ಮೊಮ್ಮಗಳು ಅವನಿಗೆ ಬೆನ್ನು ಮಾಡಿ ಪಾಠ ಓದುತ್ತಿದ್ದಳು. ಅವನು ಹೊಸ್ತಿಲಲ್ಲಿ ಕುಳಿತು, ತುಟಿಯಂಚಿನಲ್ಲಿ, "ಚಿಟ್ಟೆ" ಎಂದು ಅವಳನ್ನು ಮುದ್ದಿನ ಹೆಸರಿನಿಂದ ಕರೆದ.

"ಏನಜ್ಜ?" ಎಂದಳು ಅವಳು, ಪುಸ್ತಕದಿಂದ ತಲೆಯೆತ್ತದೆ.

"ಏನಿಲ್ಲ, ಓದು."

ಅವಳು ಪುಟ ತಿರುವುವವರೆಗೆ ಕಾದು, ಇನ್ನೂ ಮೆಲ್ಲಗೆ, ಮತ್ತೊಮ್ಮೆ ಕರೆದ.