ನೀಲಿ ದಾರದ ಹೊಲಿಗೆ

ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಕಾಗದ ಏಳುತ್ತದೆ, ಮಲಗುತ್ತದೆ, ಈ ಸಾಹೇಬರು ಅದರ ಮೇಲೆ ಏನಾದರೂ ಇಡಬಾರದೇ, ಇಟ್ಟರು, ಆ ಕಾಲುಚೀಲವನ್ನೇ ಇಟ್ಟರು — ನೋಡಬೇಡ, ನೋಡಿದರೆ ಮುಖವೇ ಹೇಳಿಬಿಡುತ್ತದೆ, ಆದರೆ ನೋಡಿಯಾಯಿತು, ಹಿಮ್ಮಡಿಯಲ್ಲಿ ನೀಲಿ ದಾರ, ಮಗ ಯುದ್ಧಕ್ಕೆ ಹೊರಟ ದಿನ ಕಪ್ಪು ದಾರ ಮುಗಿದಿತ್ತು, ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದು ಬರಿಗಾಲಲ್ಲಿ ನಿಂತು ನಕ್ಕ, ಬೂಟಿನೊಳಗೆ ಯಾರು ನೋಡ್ತಾರಮ್ಮ, ಹೊಲಿ. ಹೊಲಿದೆ. ಯುದ್ಧ ಮುಗಿದು ಹದಿನೆಂಟು ವರ್ಷವಾದ ಮೇಲೆ ಆ ಕಡೆಯವರು ಹಳೆಯ ಸೆರೆ ಶಿಬಿರ ಕೆಡವಿ ಅಲ್ಲಿ ತೀರಿಕೊಂಡ ಒಬ್ಬನ ಸಾಮಾನು ಪೊಟ್ಟಣ ಕಟ್ಟಿ ಕಳಿಸಿದ್ದಾರಂತೆ, ಕಾಲುಚೀಲ, ಚಮಚ, ಬಾಚಣಿಗೆ, ಅಕ್ಷರ ಅಳಿಸಿಹೋದ ಗುರುತಿನ ಚೀಟಿ, ಮಗನ ದಳದಲ್ಲಿ ಕಾಣೆಯಾದ ನಾಲ್ವರ ಮನೆಯವರಿಗೂ ಕರೆ ಹೋಗಿದೆ, ನಾವು ಮೊದಲು. ಹೆಸರು ಓದೋಕಾಗ್ತಿಲ್ಲ ಅಮ್ಮ, ನೀವು ಗುರುತು ಹಿಡಿದ್ರೆ ತೀರಿಕೊಂಡರು ಅಂತ ಬರೀತೀವಿ, ಇಲ್ಲಾಂದ್ರೆ ಕಾಣೆಯಾದವರು ಅಂತಲೇ ಇರುತ್ತೆ. ಯಾವಾಗ ತೀರಿಕೊಂಡದ್ದು ಎಂದು ಕೇಳಿದೆ, ಅವರು ಬರೆದಿಲ್ಲವಂತೆ. ಪಕ್ಕದಲ್ಲಿ ಸೊಸೆ ಉಗುರಿಗಂಟಿದ ಅಂಟು ಕೆರೆಯುತ್ತಿದ್ದಾಳೆ, ಪುಸ್ತಕ ಕಟ್ಟುವ ಕೆಲಸದ ಅಂಟು, ಆ ನೀಲಿ ಅವಳಿಗೆ ಗೊತ್ತಿಲ್ಲ, ಅವತ್ತು ಒಳಗೆ ಅವನ ಅಂಗಿ ಮಡಿಸುತ್ತಿದ್ದಳು, ಗೊತ್ತಿರುವವಳು ನಾನೊಬ್ಬಳೇ, ತುಟಿ ಬಿಗಿಹಿಡಿದರೆ ನನ್ನ ಮಗ ನಾಳೆಯೂ ಎಲ್ಲೋ ಬದುಕಿರುತ್ತಾನೆ. ಗೇಟಿನ ಹೊರಗೆ ಅವಳ ಪ್ರೆಸ್ಸಿನ ಮೇಸ್ತ್ರಿ ಸೈಕಲ್ಲು ಹಿಡಿದು ಕಾಯುತ್ತಿದ್ದಾನೆ, ಹೆಂಡತಿ ಸತ್ತವನು, ಸಾವಿರ ಪುಸ್ತಕದ ಬೆನ್ನು ನೆಟ್ಟಗೆ ಮಾಡಿದವನು ನನ್ನೆದುರು ಮಾತ್ರ ತನ್ನ ಬೆನ್ನು ಬಗ್ಗಿಸುತ್ತಾನೆ, ಇವಳನ್ನು ಕೊಡಿ ಎಂದು ಕೇಳಿ ವರ್ಷಗಳಾದವು, ಕಾಣೆಯಾದವನ ಹೆಂಡತಿ ಹೆಂಡತಿಯೇ ಎಂದು ಇದೇ ಕಚೇರಿ ಎರಡು ಸಲ ಹಿಂದಕ್ಕಟ್ಟಿತು. ನೀವು ಹೇಳಿದ ಹಾಗೆ ಅತ್ತೆ, ಎಲ್ಲದಕ್ಕೂ ಅವಳದು ಇಷ್ಟೇ ಮಾತು, ಒಂದು ದಿನ ಬೈದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

ಸಾಹೇಬರು ಪೊಟ್ಟಣ ಸುತ್ತತೊಡಗಿದರು, ನಿಮ್ಮದಲ್ಲ ಅಂದ್ರೂ ಅಡ್ಡಿಯಿಲ್ಲಮ್ಮ, ಬೇರೆಯವರೂ ಬರೋರಿದ್ದಾರೆ — ಇನ್ಯಾವಳೋ ತಾಯಿ ನನ್ನ ಹೊಲಿಗೆ ಹಿಡಿದು ಅಳುತ್ತಾಳೆಯೇ, ಸೊಸೆ ಎದ್ದಳು, ಬನ್ನಿ ಅತ್ತೆ ಹೋಗೋಣ, ಬಗ್ಗಿ ನನ್ನ ಕೈ ಹಿಡಿದಾಗ ಅವಳ ಕತ್ತಿನಲ್ಲಿ ನೆರಿಗೆ, ಯಾವಾಗ ಬಂತು ಇದು, ನಾನು ನೋಡಲೇ ಇಲ್ಲವಲ್ಲ — ನನ್ನ ಮಗಂದೇ, ಅಂದೆ. ಹೊಲಿದಿದ್ದು ನಾನೇ. ಅವಳು ಕುರ್ಚಿಗೆ ಕುಸಿದು ನನ್ನ ಮಡಿಲಿಗೆ ಮುಖವಿಟ್ಟಳು, ಅವನಿಗಾಗಿ ಅಳುತ್ತಾಳೋ ತನಗಾಗಿಯೋ, ಅಳಲಿ, ಹೆತ್ತವಳ ಬಾಯಿಂದಲೇ ಮಗನನ್ನು ಮುಗಿಸಿದೆ, ನನಗೆ ಅಳುವೇ ಬರುತ್ತಿಲ್ಲ. ಸಾಹೇಬರು ಒಂದೊಂದಾಗಿ ಇತ್ತ ಸರಿಸುತ್ತಾರೆ, ಕಾಲುಚೀಲ, ಚಮಚ, ಬಾಚಣಿಗೆ, ಅದರ ಹಲ್ಲಿನಲ್ಲಿ ಸಿಕ್ಕಿಕೊಂಡ ಒಂದು ಕೂದಲು, ಬೆಳಕಿಗೆ ಹಿಡಿದೆ, ಬಿಳಿ. ಹೋಗುವಾಗ ಇಪ್ಪತ್ತಮೂರು, ಬಾಚಣಿಗೆ ಮುರಿಯುವಂಥ ಕಪ್ಪು ಕೂದಲು, ಇದು ಬಿಳಿ, ಹಾಗಾದರೆ ಎಲ್ಲಿಯವರೆಗೆ ಇದ್ದೆಯೋ ಮಗನೇ, ನಾವಿಲ್ಲಿ ಉಂಡು ಮಲಗುವಾಗ ನೀನಲ್ಲಿ ಕೂತು ತಲೆ ಬಾಚುತ್ತಿದ್ದೆಯಾ, ಮೊನ್ನೆ ಮೊನ್ನೆಯವರೆಗೂ, ಇವಳು ತಲೆಯೆತ್ತುವ ಮೊದಲು ತೆಗೆ, ಇವಳಿಗೆ ಕಾಣಬಾರದು, ಬೆರಳಿಗೆ ಸುತ್ತು, ಮುಷ್ಟಿ ಮುಚ್ಚು, ಮುಚ್ಚಿದರೂ — ಬಿಳಿ ಕೂದಲು, ಒಂದೇ ಒಂದು, ಬಿಳಿ