ಸುಮ್ಕ ಕುಂದ್ರೋ ಸಾಲಿ

ಹಣ್ಣು ಮಾರುವವರಲ್ಲಿ ಒಂದೆರಡು ಹಣ್ಣು ಕೊಸರು ಕೊಡುವವರುಂಟು. ಕಮಲಾಪುರದ ಶಾರದಾಬಾಯಿ ಮಾತನ್ನೇ ಕೊಸರು ಕೊಡುತ್ತಿದ್ದಳು. ಕಲಬುರಗಿಯ ಸೂಪರ್ ಮಾರ್ಕೆಟ್‌ ಪೇಟೆಯ ಬೀದಿಯಲ್ಲಿ ಬುಟ್ಟಿ ಇಳಿಸಿ, ಕೆಂಪು ಬಾಳೆಹಣ್ಣು ಹರವಿಕೊಂಡು ಕೂತಳೆಂದರೆ, ಒಂದು ಡಜನ್ ಕೊಂಡವರು ಹಣ್ಣಿನ ಜೊತೆಗೆ ಅವಳ ಅತ್ತೆಯ ಕಾಲದ ಒಂದು ಕತೆ, ಮೊಣಕಾಲು ನೋವಿಗೆ ಒಂದು ಮದ್ದು, ಮಗಳ ಮದುವೆಗೆ ಒಂದು ಹಾರೈಕೆ ಹೊತ್ತುಕೊಂಡೇ ಹೋಗಬೇಕು. ಯಾರಾದರೂ ಗೊಣಗಿದರೆ, "ದೇವರು ಬಾಯಿ ಕೊಟ್ಟಿದ್ದು ಬರೀ ತಿನ್ನಾಕಲ್ಲೋ ತಮ್ಮಾ" ಎನ್ನುವಳು.

ಇಂಥವಳ ಮೊಮ್ಮಗಳು ಅಂಜನಾ ಸೇರಿದ್ದು, ಊರ ಜನ 'ಸುಮ್ಕ ಕುಂದ್ರೋ ಸಾಲಿ' ಎಂದು ಕರೆಯುವ ಶಾಲೆಗೆ. ಶಿವನ ಲೀಲೆ ಅಂದರೆ ಇದೇ ಇರಬೇಕು.

ಶಾಲೆ ಇರುವುದು ಕಲಬುರಗಿಯ ಅಂಚಿಗೆ, ತಾಜಸುಲ್ತಾನಪುರದ ಕಡೆಗೆ. ಕಟ್ಟಿದವರು ಕ್ವೇಕರ್ ಎಂಬ ಪಂಥದ ಜನ. ಅವರಲ್ಲಿ ಪೂಜಾರಿಯಿಲ್ಲ, ಗಂಟೆ ಜಾಗಟೆಯಿಲ್ಲ. ನಾಲ್ಕು ಜನ ಒಂದೆಡೆ ಸುಮ್ಮನೆ ಕೂತರೆ ಒಳಗಿನ ಬೆಳಕು ತಾನೇ ಮಾತಾಡುತ್ತದೆ ಎಂಬುದು ಅವರ ನಂಬಿಕೆ. ಹೀಗಾಗಿ ಅಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳೂ ಬೆಳಿಗ್ಗೆ ಹತ್ತು ನಿಮಿಷ ಮಾತಿಲ್ಲದೆ ಕೂಡುತ್ತಾರೆ. ಮೊದಲ ದಿನ ಅದನ್ನು ಕಿಟಕಿಯಿಂದ ಕಂಡ ಶಾರದಾಬಾಯಿಯ ಎದೆ ಧಸಕ್ ಎಂದಿತು. ಅಷ್ಟು ಜನ ಕೂಡಿ ಸುಮ್ಮನಿರುವುದನ್ನು ಅವಳು ಸಾವಿನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಸೆರಗು ಬಾಯಿಗಿಟ್ಟುಕೊಂಡು ಕಾವಲುಗಾರ ದೌಲಪ್ಪನನ್ನು ಕೇಳಿದಳು, "ಯಾರು ಹೋದ್ರೋ ಯಪ್ಪಾ? ವಯಸ್ಸಾಗಿತ್ತೇನು?"

"ಯಾರೂ ಹೋಗಿಲ್ಲಬೇ. ಎಲ್ಲಾರೂ ಇದ್ದಾರ. ಸುಮ್ಕ ಕುಂತಾರ, ಅಷ್ಟೇ."

"ಸುಮ್ಕ ಕುಂದ್ರಾಕ ಸಾಲಿ ಬೇಕೇನೋ?"

"ನಿನಗಂತೂ ಬೇಕು ನೋಡು" ಎಂದ ದೌಲಪ್ಪ. ಅಂದಿನಿಂದ ಇಬ್ಬರಿಗೂ ಗೆಳೆತನ.

ಆದರೆ ಆ ಶಾಲೆಯ ರೀತಿಯೇ ಬೇರೆ ಎಂಬುದು ಅವಳಿಗೆ ಮೆಲ್ಲಗೆ ತಿಳಿಯಿತು. ತಡವಾಗಿ ಬಂದ ಮಗುವನ್ನು ಮೊದಲು "ಉಂಡು ಬಂದಿಯೇನು?" ಎಂದು ಕೇಳುವರು, ಯಾಕೆ ತಡವಾಯಿತೆಂದು ಆಮೇಲೆ. ಯಾರಿಗೆ ಎಷ್ಟು ಅಂಕ ಬಂತೆಂದು ಗೋಡೆಗೆ ಹಚ್ಚುವುದಿಲ್ಲ. ನಾಲ್ಕಕ್ಕೆ ಶಾಲೆ ಬಿಟ್ಟ ಮೇಲೆ, ಮನೆಯವರು ಬರಲು ತಡವಾಗುವ ಒಂಬತ್ತು ಮಕ್ಕಳು ಆರೂವರೆಯ ತನಕ ಅಲ್ಲೇ ಉಳಿಯುತ್ತಾರೆ. ಅದಕ್ಕೆ 'ಸಂಜೀ ಜೋಡಿ' ಎಂದು ಹೆಸರು. ಮೊದಲು ತಿನ್ನಲು ಮಂಡಕ್ಕಿಯೋ ಶೇಂಗಾವೋ, ಆಮೇಲೆ ದೊಡ್ಡ ಮಗುವಿನ ಜೊತೆ ಒಂದು ಚಿಕ್ಕ ಮಗು ಕೂತು ಓದುವುದು, ಕೊನೆಗೆ ಆಟ. ತಪ್ಪಾದರೆ ನಗಬಹುದು, ಆದರೆ ಇಬ್ಬರೂ ಕೂಡಿಯೇ ನಗಬೇಕು. ಅಲ್ಲಿನ ಕಾಯಿದೆ ಇಷ್ಟೇ.

ಅಂಜನಾಳಿಗೆ ಅಕ್ಷರ ಕಂಡರೆ ಬಾಯಿ ಕಟ್ಟುತ್ತಿತ್ತು. ಅಪ್ಪ ಅವ್ವ ಕಮಲಾಪುರದ ಬಾಳೆ ತೋಟದಲ್ಲಿ ದುಡಿಯುವವರು, ಅವರಿಗೂ ಓದು ಬರದು. ಮೊದಲಿನ ಶಾಲೆಯಲ್ಲಿ ಮೂರು ವರ್ಷ ಹಿಂದಿನ ಸಾಲಿನಲ್ಲಿ ಕೂತು ಎದ್ದು ಬಂದಿದ್ದಳು. ಇಲ್ಲಿ ಏಳನೆಯ ತರಗತಿಯ ಮೆಹರೀನ್ ಅವಳ ಜೋಡಿಯಾದಳು. ಎಂಟು ತಿಂಗಳಾಗುವಷ್ಟರಲ್ಲಿ ಹುಡುಗಿ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಬೆಂಕಿಪೆಟ್ಟಿಗೆಯ ಮೇಲಿನ ಬರಹ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದತೊಡಗಿದಳು. ಬೆಳಿಗ್ಗೆ ಅಜ್ಜಿಯ ಜೊತೆ ಬಸ್ಸು ಹತ್ತುವುದು, ಸಂಜೆ ಅಜ್ಜಿ ಬುಟ್ಟಿ ಬರಿದು ಮಾಡಿ ಬಂದು ಕರೆದೊಯ್ಯುವ ತನಕ ಸಂಜೀ ಜೋಡಿ, ಏಳರ ಬಸ್ಸಿಗೆ ಊರು.

ಫೆಬ್ರವರಿಯಲ್ಲಿ ಒಂದು ಚೀಟಿ ಬಂತು. ಸಂಜೆ ಮಕ್ಕಳನ್ನು ನೋಡಿಕೊಳ್ಳುವ ವಿದ್ಯಾವತಿ ಟೀಚರಿಗೆ ಕಣ್ಣಿನ ಆಪರೇಷನ್. ಆರು ವಾರ ಬರಲಾರರು. ಅಲ್ಲಿಯ ತನಕ ಸಂಜೀ ಜೋಡಿ ನಿಲ್ಲಿಸಬೇಕೋ ಹೇಗೆಂದು ಶನಿವಾರ ಎಲ್ಲರೂ ಕೂಡೋಣ, ಎಂದಿತ್ತು. ಚೀಟಿಯನ್ನು ಅಂಜನಾಳೇ ಓದಿ ಹೇಳಿದಳು. ಒಂದಕ್ಷರವೂ ತಪ್ಪಲಿಲ್ಲ. ಓದಿ ಮುಗಿಸಿ ಅತ್ತಳು. ನಾಲ್ಕರಿಂದ ಆರೂವರೆಯ ತನಕ ಅವಳನ್ನು ಇನ್ನೆಲ್ಲಿ ಬಿಡುವುದು? ಸಂಜೀ ಜೋಡಿ ನಿಂತರೆ ಕಲಬುರಗಿಯ ಶಾಲೆಯೂ ನಿಂತಂತೆ.

ಶಾರದಾಬಾಯಿ ಸೆರಗು ಬಿಗಿದಳು. ಶನಿವಾರ ಬಸ್ಸಿನಲ್ಲಿ ತನ್ನ ಭಾಷಣವನ್ನು ಕಂಡಕ್ಟರನ ಮೇಲೆ ಒಮ್ಮೆ ಪ್ರಯೋಗಿಸಿಯೂ ನೋಡಿದಳು. ಅದರಲ್ಲಿ ಸರಸ್ವತಿ ಇದ್ದಳು, ಶರಣಬಸಪ್ಪ ಇದ್ದ, ಗೊನೆ ಹಾಕುವ ಹೊತ್ತಿಗೆ ಬಾಳೆಗೆ ನೀರು ನಿಲ್ಲಿಸಿದರೆ ಏನಾಗುತ್ತದೆಂಬ ದೃಷ್ಟಾಂತವೂ ಇತ್ತು. ಕಂಡಕ್ಟರ್ ಕೈ ಮುಗಿದ. "ಬಾಯಾರೇ, ಈ ಭಾಷಣ ಕೇಳಿದ್ರ ಸಾಲಿ ಅಷ್ಟೇ ಅಲ್ಲ, ನಮ್ಮ ಡಿಪೋನೂ ರಾತ್ರಿತನಕ ತೆರದಿಡ್ತಾರ. ಈಗ ಟಿಕೇಟ್ ತಗೋರಿ."

ಸಭೆಯ ಕೋಣೆಯಲ್ಲಿ ಬೆಂಚುಗಳನ್ನು ಸುತ್ತುವರಿದು ಹಾಕಿದ್ದರು. ಮುಂದು ಹಿಂದು ಎಂಬುದಿಲ್ಲ. ಹೆಡ್ ಮಾಸ್ತರ್ ಅಮರನಾಥ ಸರ್ ಹೊಸಬರಿಗೆಂದು ತಿಳಿಸಿ ಹೇಳಿದರು: "ನಮ್ಮಲ್ಲಿ ಕೈ ಎತ್ತಿಸಿ ಎಣಿಸೋದು ಇಲ್ಲರಿ. ಸುಮ್ಕ ಕೂಡೋದು. ಮನಸ್ಸಿನ್ಯಾಗ ಮಾತು ಹುಟ್ಟಿದವರು ಆಡೋದು. ಎಲ್ಲಾರ ಮನಸ್ಸಿಗೂ ಸಮ ಆತಂದ್ರ ತೀರ್ಮಾನ. ಒಬ್ಬರಿಗೆ ಸಮ ಇಲ್ಲಂದ್ರೂ ತೀರ್ಮಾನ ಇಲ್ಲ."

ಶಾರದಾಬಾಯಿ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಎದುರಿಗೆ ಕೂತಿದ್ದ ಎಳೆಯ ಟೀಚರು ಗೌಸಿಯಾ ಎದ್ದು, "ನಾ ಇರ್ತೀನ್ರಿ ಸರ್ ಸಂಜೀಗೆ" ಎಂದುಬಿಟ್ಟಳು.

"ಬರೋ ಗುರುವಾರದಿಂದ ರಂಜಾನ್ ರೋಜಾ ಅಲ್ಲೇನವ್ವ ನಿಮಗ?" ಎಂದರು ಸರ್.

"ಹೌದರಿ. ಪರ್ಸಿನ್ಯಾಗ ಖಜೂರ ಇಟ್ಕೊಂಡಿರ್ತೀನಿ. ಹೊತ್ತಾದ್ರ ರೋಜಾ ಆಟೋದಾಗೇ ಬಿಡ್ತೀನಿ. ಏನ್ ದೊಡ್ಡ ಮಾತ್ರಿ?"

ಎಲ್ಲರ ಮುಖವೂ ಅರಳಿತು. ಅಮರನಾಥ ಸರ್ ಕನ್ನಡಕ ಏರಿಸಿಕೊಂಡು, "ಹಂಗಾದ್ರ ಒಂದು ಗಳಿಗಿ ಕೂಡೋಣು. ಆಮ್ಯಾಲ ಕೇಳ್ತೀನಿ, ಎಲ್ಲಾರಿಗೂ ಸಮ ಅದ ಏನಂತ" ಎಂದರು.

ಮಾತು ನಿಂತಿತು. ಶಾರದಾಬಾಯಿಯ ಕೆಲಸ ಆಗಿಹೋಗಿತ್ತು, ಭಾಷಣ ಮಾತ್ರ ಹೊಟ್ಟೆಯಲ್ಲೇ ಉಳಿದಿತ್ತು. ಮಾಡಲು ಏನೂ ಇಲ್ಲದೆ, ಆಡಲು ಏನೂ ಇಲ್ಲದೆ ಅವಳು ಕೂತದ್ದು ಹುಟ್ಟಿದಂದಿನಿಂದ ಇದೇ ಮೊದಲು. ಹೊರಗೆ ಬೇವಿನ ಮರದಲ್ಲಿ ಅಳಿಲು ಕೂಗುತ್ತಿತ್ತು. ಸಂತೆ ಮುಗಿದ ಬಯಲಿನಂತೆ ಮನಸ್ಸು ಮೆಲ್ಲಗೆ ಖಾಲಿಯಾಯಿತು.

ಖಾಲಿ ಬಯಲಿಗೆ ಮೊದಲು ಬಂದದ್ದು ಬಾಳೆಹಣ್ಣು. ಗುರುವಾರದಿಂದ ರೋಜಾ, ದಿನಕ್ಕೆ ಎರಡು ಬುಟ್ಟಿ ಬೇಕು, ತೋಟದವರಿಗೆ ಹೇಳಿಯಾಗಿದೆ. ರಂಜಾನಿನಲ್ಲಿ ಹೊತ್ತು ಮುಳುಗುವ ಮುಂಚಿನ ಒಂದು ತಾಸು ಅವಳಿಗೆ ವರ್ಷದ ಸುಗ್ಗಿ. ಅವಳ ಕತೆ ಕೇಳಲು ಯಾರಿಗೂ ಪುರುಸೊತ್ತಿಲ್ಲದ ತಾಸೂ ಅದೇ. ಹೋದ ವರ್ಷ ನೀಲಿ ದುಪಟ್ಟಾದ ಹುಡುಗಿಯೊಬ್ಬಳು ದಿನಾ ಓಡುತ್ತ ಬರುತ್ತಿದ್ದಳು. "ಆರು ಹಣ್ಣು ಲಗೂನ ಕೊಡ್ರಿ ಬಾಯಿ, ಕತಿ ಈದ್ ಆದಮ್ಯಾಲ ಹೇಳ್ರಿ! ನಾ ಮನೀಗೆ ಮುಟ್ಟೋತನಕಾ ನಮ್ಮ ಅಮ್ಮಿ ಬಾಯಾಗ ಹನಿ ನೀರೂ ಹಾಕಂಗಿಲ್ಲ. ಆಜಾನ್ ಆದ್ರೂ ಬಾಗಿಲಾಗೇ ಕುಂತಿರ್ತಾಳ."

ಶಾರದಾಬಾಯಿ ಕಣ್ಣೆತ್ತಿದಳು. ಎದುರಿಗೆ ಕೂತವಳು ಆ ಹುಡುಗಿಯೇ. ದುಪಟ್ಟಾ ಇಂದು ಹಸಿರು.

ಆರೂವರೆಗೆ ಇಲ್ಲಿಂದ ಹೊರಟರೆ ಇವಳು ಜಗತ್ ಸರ್ಕಲ್ ದಾಟಿ ಮನೆ ಸೇರುವುದು ಯಾವಾಗ? ಬಾಗಿಲಲ್ಲಿ ಕೂತ ಆ ಮುದುಕಿಗೆ ಖಜೂರ ಯಾವ ಪರ್ಸಿನಲ್ಲಿದೆ?

ಸುಮ್ಮನಿರು, ಎಂದು ಶಾರದಾಬಾಯಿ ತನಗೆ ತಾನೇ ಹೇಳಿಕೊಂಡಳು. ಅವರ ಮಾತು ಅವರದು, ನಿನ್ನ ಕೂಸಿನದು ನೀ ನೋಡಿಕೋ. ಅವಳ ಗಂಡ, ಅತ್ತೆ, ಮಾರ್ಕೆಟ್ಟಿನ ಜಮಾದಾರ, ಯಾರಿಗೂ ಅವಳ ಬಾಯಿ ಮುಚ್ಚಿಸಲು ಆಗಿರಲಿಲ್ಲ. ಇಂದು ಅವಳೇ ಮುಚ್ಚಬೇಕೆಂದರೂ ಅದು ಮುಚ್ಚಲೊಲ್ಲದು. ಒಳಗೆ ಕೂತ ಶಿವ ಎದ್ದು ನಿಂತಿದ್ದ.

"ಎಲ್ಲಾರ ಮನಸ್ಸಿಗೂ ಸಮ ಅದ ಅಲ್ಲರೀ?" ಎಂದರು ಸರ್.

"ನನಗ ಸಮ ಇಲ್ರಿ."

ಹೇಳಿದವಳು ಯಾರೆಂದು ಎಲ್ಲರೂ ತಿರುಗಿದರು. ಸರ್ ಅವರ ಕನ್ನಡಕ ಕೆಳಗಿಳಿಯಿತು. "ಬಾಯಾರೇ, ನಿಮ್ಮ ಮೊಮ್ಮಗಳ ಸಲುವಾಗೇ..."

"ಗೊತ್ತದರಿ. ನಮ್ಮ ಕೂಸಿಗೆ ಇದು ಬೇಕೇ ಬೇಕು. ಆದ್ರ ಈ ಟೀಚರ್ ತಾಯಿ ಉಪಾಸ ಕುಂತು ಹಾದಿ ನೋಡ್ತಾಳ್ರಿ. ಒಬ್ಬ ತಾಯೀನ ಬಾಗಿಲಾಗ ಕುಂದ್ರಿಸಿ ಕಲಿತ ಅಕ್ಷರ ನಮಗ ದಕ್ಕಂಗಿಲ್ಲ."

ಗೌಸಿಯಾ ನೆಲ ನೋಡಿದಳು. ಇಷ್ಟು ಹೊತ್ತು ನಗುತ್ತಿದ್ದ ಕಣ್ಣು ತುಂಬಿತ್ತು. ಅಮರನಾಥ ಸರ್ ಆಗಲೇ ಬರೆದುಕೊಂಡಿದ್ದ ತೀರ್ಮಾನವನ್ನು ಒಂದೇ ಗೆರೆಯಲ್ಲಿ ಹೊಡೆದು ಹಾಕಿ, "ಸೋಮವಾರ ಮತ್ತ ಕೂಡೋಣು" ಎಂದರು.

ಬಸ್ಸಿನಲ್ಲಿ ಅಂಜನಾ ಕೇಳಿದಳು, "ಆಯಿ, ಆತೇನು?"

"ಆಗಿತ್ತವ್ವ. ನಾನೇ ಕೆಡಿಸಿ ಬಂದೆ." ಶಾರದಾಬಾಯಿ ನಡೆದದ್ದನ್ನೆಲ್ಲ ಹೇಳಿದಳು. ಒಂದು ಮಾತೂ ಬೆಳೆಸಲಿಲ್ಲ. ಬೆಳೆಸದೆ ಹೇಳಿದ್ದಕ್ಕೇ ಹುಡುಗಿಗೆ ವಿಷಯ ಎಷ್ಟು ದೊಡ್ಡದೆಂದು ಗೊತ್ತಾಯಿತು. ಕಿಟಕಿಯ ಹೊರಗೆ ನೋಡುತ್ತ ಕೇಳಿದಳು, "ಟೀಚರ್ ಅಮ್ಮಿಗೆ ಹಲ್ಲದಾವೇನು?"

"ಯಾಕವ್ವ?"

"ಹಲ್ಲಿಲ್ಲಂದ್ರ ಖಜೂರ ಹೆಂಗ ತಿನ್ನಾಕ ಬರ್ತದ? ನಮ್ಮ ಹಣ್ಣು ಒಯ್ದು ಕೊಡು." ಹಾಗೆಂದು ಅಜ್ಜಿಯ ತೋಳಿಗೆ ತಲೆಯಿಟ್ಟು ಮಲಗಿದಳು. ಶಾರದಾಬಾಯಿ ಕಮಲಾಪುರದ ತನಕ ಮನಸ್ಸಿನಲ್ಲೇ ಶಿವನ ಹೆಸರು ಹೇಳಿಕೊಂಡು ಬಂದಳು. ಕೆಟ್ಟದ್ದು ಮಾಡಿದೆ ಅನ್ನಿಸಲಿಲ್ಲ. ಒಳ್ಳೆಯದಾಯಿತು ಅನ್ನುವ ಧೈರ್ಯವೂ ಬರಲಿಲ್ಲ.

ಸೋಮವಾರ ಎಲ್ಲರೂ ಬೆಂಚಿನಲ್ಲಿ ಕೂಡುವುದಕ್ಕೂ, ಅಂಗಳದಲ್ಲಿ ಆಟೋ ಒಂದು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅದನ್ನು ಓಡಿಸಿಕೊಂಡು ಬಂದ ಗೌಸಿಯಾಳ ತಮ್ಮ ಗುಫ್ರಾನ್ ಇಳಿದು, ಒಬ್ಬ ಗಟ್ಟಿ ಮುದುಕಿಯ ಕೈ ಹಿಡಿದು ಒಳಗೆ ಕರೆತಂದ. ಗೌಸಿಯಾ ಗಾಬರಿಯಿಂದ ಎದ್ದಳು. "ಅಮ್ಮೀ!"

"ತೂ ಬೈಠ್" ಎಂದು ಮಗಳನ್ನು ಕೂಡಿಸಿದ ದಿಲ್ಶಾದ್ ಬೇಗಂ ಸುತ್ತಲೂ ನೋಡಿದಳು. "ನನ್ನ ಹೆಸರು ಹೇಳಿ ಸಾಲಿ ಬಂದ್ ಮಾಡಿಸಾಕ ಹೊಂಟವರು ಯಾರ್ರಿ ಅವರು?"

ಶಾರದಾಬಾಯಿಯ ಜೀವ ಇಷ್ಟಾಯಿತು. "ನಾನೇ ಯವ್ವಾ."

"ಬಾಳೆಹಣ್ಣಿನ ಬಾಯಿ ನೀನೇ ಏನು? ನಿನ್ನ ಕತಿ ಕೇಳ್ಕೋತ ನಿಂತೆ ಅಂತ ಹೇಳಿ ಈ ಹುಡುಗಿ ಹೋದ ವರ್ಷ ಈದ್ ಆದಮ್ಯಾಲ ಎರಡು ದಿನ ತಡಾ ಮಾಡ್ಯಾಳ! ಅದೇನ್ ಕತಿ ಅಂತ ಕೇಳಾಕೇ ಬಂದೀನಿ ನೋಡು." ಕೋಣೆ ಗೊಳ್ಳೆಂದು ನಕ್ಕಿತು. ದಿಲ್ಶಾದ್ ಬೇಗಂ ಶಾರದಾಬಾಯಿಯ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತಳು. "ಸರ್, ರೋಜಾ ಮನ್ಯಾಗೇ ಬಿಡಬೇಕಂತ ಎಲ್ಲಿ ಅದರಿ? ಮಗಳು ಎಲ್ಲೋ, ಉಂಬಾಕ ನನ್ನ ದಸ್ತರಖಾನ್ ಹಾಸೋದು ಅಲ್ಲೇ. ಇವ ದಿನಾ ಸಂಜೀಗೆ ನನ್ನ ಇಲ್ಲಿ ಬಿಡ್ತಾನ. ನಾನೂ ಉಣ್ತೀನಿ, ಈ ಒಂಬತ್ತು ಕೂಸುಗಳೂ ಉಣ್ತಾವ. ಒಬ್ಬಾಕಿ ಮುದುಕಿ ಗ್ವಾಡಿ ನೋಡ್ಕೋತ ಕೂಡೋದ್ಕಿಂತ ಇದು ಚೊಲೋ ಅಲ್ಲೇನು? ಹಣ್ಣು ಮಾತ್ರ ಈ ಬಾಯೀದೇ ಬೇಕು."

ಅಮರನಾಥ ಸರ್ ಎಂದಿನಂತೆ ಒಂದು ಗಳಿಗೆ ಸುಮ್ಮನೆ ಕೂಡಿಸಿದರು. ಆಮೇಲೆ, "ಎಲ್ಲಾರಿಗೂ ಸಮ ಅದ ಏನು?" ಎಂದರು.

"ಸಮಾ!" ಎಂದು ಕಿಟಕಿಯ ಹೊರಗಿನಿಂದ ಒಂಬತ್ತು ಗಂಟಲು ಕೂಗಿದವು. ಎಲ್ಲಕ್ಕಿಂತ ಗಟ್ಟಿ ದನಿ ಅಂಜನಾಳದು.

ಗುರುವಾರ ಶಾರದಾಬಾಯಿಯ ಎರಡೂ ಬುಟ್ಟಿ ಆರು ಗಂಟೆಗೇ ಬರಿದಾದವು. ಎತ್ತಿಟ್ಟಿದ್ದ ಎರಡು ಡಜನ್ ಹಣ್ಣು ಹೊತ್ತು ಶಾಲೆ ಮುಟ್ಟುವ ಹೊತ್ತಿಗೆ ಬೇವಿನ ಮರದ ಕೆಳಗೆ ಹೂವಿನ ಚಿತ್ತಾರದ ಚಾದರ ಹಾಸಿದ್ದರು. ದಿಲ್ಶಾದ್ ಬೇಗಂ ಕುರ್ಚಿಯಲ್ಲಿ, ಗೌಸಿಯಾ ಕಾಲ ಬಳಿ, ಸುತ್ತಲೂ ಮಕ್ಕಳು, ತುದಿಗೆ ದೌಲಪ್ಪ ಮತ್ತು ಗುಫ್ರಾನ್. ಮಂಡಕ್ಕಿ, ಖಜೂರ, ಹೆಚ್ಚಿದ ಕಲ್ಲಂಗಡಿ. ಯಾರೂ ಮುಟ್ಟಿಲ್ಲ.

"ಏನ್ ಹೇಳ್ಲಿ ಯವ್ವಾ ಇವತ್ತಿನ ಗದ್ಲಾ..." ಎಂದು ಬಾಯಿ ತೆರೆದಳೋ ಇಲ್ಲವೋ, ಒಂಬತ್ತು ಬೆರಳು ಒಂಬತ್ತು ತುಟಿಯ ಮೇಲೆ ಹೋದವು. ದೌಲಪ್ಪನದು ಹತ್ತನೆಯದು.

ಶಾರದಾಬಾಯಿ ಬುಟ್ಟಿ ಇಳಿಸಿ ಕೂತಳು. ಎಲ್ಲರ ಮುಖವೂ ಪಡುವಣಕ್ಕೆ. ಅವಳು ಮನಸ್ಸಿನಲ್ಲಿ ನಮಃ ಶಿವಾಯ ಎಂದುಕೊಂಡಳು, ದಿಲ್ಶಾದ್ ಬೇಗಂಳ ತುಟಿಯೂ ಸದ್ದಿಲ್ಲದೆ ಅಲುಗುತ್ತಿತ್ತು. ಬೆಳಕು ಅಂಗಳದ ಮಣ್ಣಿನಿಂದ ಗೋಡೆಗೆ ಏರಿ, ಗೋಡೆಯಿಂದಲೂ ಹೋಯಿತು. ದೂರದ ಮಸೀದಿಯಿಂದ ಆಜಾನ್ ಎದ್ದಿತು.

ತಾಯಿ ಮಗಳು ಒಂದೇ ಹೊತ್ತಿಗೆ ಖಜೂರ ಬಾಯಿಗಿಟ್ಟರು. ಗೌಸಿಯಾ ಒಂದು ಕೆಂಪು ಬಾಳೆ ಸುಲಿದು ಅರ್ಧ ಅಮ್ಮಿಗೆ, ಅರ್ಧ ಅಂಜನಾಳಿಗೆ ಕೊಟ್ಟಳು. ಅಂಜನಾ ಅಮ್ಮಿಯ ಬಾಯೊಳಗೆ ಇಣುಕಿ ನೋಡಿ ಮೆಹರೀನ್ ಕಿವಿಯಲ್ಲಿ, "ಎಲ್ಲಾ ಹಲ್ಲೂ ಅದಾವ" ಎಂದಳು. ಜೋಡಿ ಕೂಡಿಯೇ ನಕ್ಕಿತು.

"ಹಾಂ ಬಾಯಿ, ಈಗ ಹೇಳು ನಿನ್ನ ಕತಿ" ಎಂದಳು ದಿಲ್ಶಾದ್ ಬೇಗಂ, ನಮಾಜ್ ಮುಗಿಸಿ ಬಂದು.

ಹೇಳಿದಳು. ಅತ್ತೆಯ ಕಾಲದ ಕತೆ ಸೊಸೆಯ ಕಾಲಕ್ಕೆ ಬರುವಷ್ಟರಲ್ಲಿ ಏಳರ ಬಸ್ಸು ತಪ್ಪಿತ್ತು. ಗುಫ್ರಾನ್ ಅಜ್ಜಿ ಮೊಮ್ಮಗಳನ್ನು ಆಟೋದಲ್ಲಿ ತುಂಬಿಕೊಂಡು, ಹಾರನ್ ಹೊಡೆಯುತ್ತ ಕಮಲಾಪುರದ ಹಾದಿಯಲ್ಲಿ ಅಟ್ಟಿಸಿಕೊಂಡು ಹೋಗಿ ಮುಂದಿನ ಸ್ಟಾಪಿನಲ್ಲಿ ಬಸ್ಸನ್ನು ಹಿಡಿದ.

"ಏನ್ರಿ ಬಾಯಾರೇ," ಎಂದ ಅದೇ ಕಂಡಕ್ಟರ್, "ಸಾಲಿ ಉಳೀತಂತ, ಕೂಸು ಹೇಳಾಕತ್ತದ. ನಿಮ್ಮ ಭಾಷಣ ಭಾರೀ ಆಗಿರಬೇಕು."

"ಎಲ್ಲೀ ಭಾಷಣೋ ತಮ್ಮಾ, ಅದು ಹೊಟ್ಟ್ಯಾಗ ಹಂಗೇ ಅದ" ಎಂದು ಶಾರದಾಬಾಯಿ ಬುಟ್ಟಿ ಸರಿಸಿ ಜಾಗ ಮಾಡಿದಳು. "ಬಾ, ಕುಂದರು. ನಿನಗೇ ಹೇಳಿಬಿಡ್ತೀನಿ."